ಒಂದೇ ಹುಡುಗಿ, ಬೇರೆ ಬೇರೆ ಬಣ್ಣ: ಮುಂಕ್‌ನ ಕಲ್ಲಚ್ಚನ್ನು ನೋಡುವುದು ಹೇಗೆ?

ಚಿತ್ರದಲ್ಲಿ ಇರುವುದು ತೀರಾ ಕಡಿಮೆ. ಒಬ್ಬ ಹುಡುಗಿಯ ತಲೆ, ಒಂದಿಷ್ಟು ಭುಜ, ಹಿಂದೆ ಒಂದು ದೊಡ್ಡ ದಿಂಬು. ಮುಖ ನಮ್ಮ ಬಲಗಡೆಗೆ ತಿರುಗಿದೆ. ಕೂದಲು ತೆಳ್ಳಗೆ, ಬೆವರಿಗೆ ಅಂಟಿಕೊಂಡ ಹಾಗೆ ಎಳೆ ಎಳೆಯಾಗಿ ಇಳಿದಿದೆ. ಅಗಲ ಸುಮಾರು 57 ಸೆಂಟಿಮೀಟರ್, ಎತ್ತರ 42. ಕೋಣೆ ಇಲ್ಲ, ಔಷಧಿ ಬಾಟಲಿ ಇಲ್ಲ, ಪಕ್ಕದಲ್ಲಿ ಕೂತವರು ಯಾರೂ ಇಲ್ಲ. ಆದರೂ ಈ ಹುಡುಗಿಗೆ ಹುಷಾರಿಲ್ಲ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ 1896ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ಬಣ್ಣದ ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಚಿತ್ರ ಇದು. ಹೆಸರು 'ಕಾಯಿಲೆಯ ಮಗು'. ಸೇತುವೆ ಮೇಲೆ ಕೆನ್ನೆಗೆ ಕೈ ಕೊಟ್ಟು ಬಾಯ್ತೆರೆದು ನಿಂತ ವ್ಯಕ್ತಿಯ ಆ ಪ್ರಸಿದ್ಧ ಚಿತ್ರ 'ದಿ ಸ್ಕ್ರೀಮ್' ಬರೆದವನೇ ಈತ. 

ಇಂಟರ್ನೆಟ್‌ನಲ್ಲಿ ಈ ಲಿಥೋಗ್ರಾಫ್ ಹುಡುಕಿದರೆ ಮೊದಲು ಆಗುವುದು ಗೊಂದಲ. ಒಂದರಲ್ಲಿ ಹುಡುಗಿ ಪೂರ್ತಿ ಕೆಂಪು. ಇನ್ನೊಂದರಲ್ಲಿ ಹಳದಿ ಬೆರೆತಿದೆ. ಮತ್ತೊಂದರಲ್ಲಿ ಬೂದು, ನೀಲಿ. ಒಂದು ಬರೀ ಕಪ್ಪು. ಎಲ್ಲದರ ಕೆಳಗೂ ಅದೇ ಹೆಸರು, ಅದೇ ವರ್ಷ. ಸಾಲದು ಅಂತ ಇದೇ ಹೆಸರಿನ ಆರು ತೈಲಚಿತ್ರಗಳೂ ಇವೆ. ಹಾಗಾದರೆ ಅಸಲಿ ಯಾವುದು? ಉಳಿದವೆಲ್ಲ ನಕಲಾ? ಇದಕ್ಕೆ ಉತ್ತರ ಹುಡುಕಲು ಹುಡುಗಿಯ ಕಥೆಯೂ ಗೊತ್ತಿರಬೇಕು, ಕಲ್ಲಿನ ಮೇಲೆ ಅಚ್ಚು ಹಾಕುವ ಕೆಲಸವೂ ಗೊತ್ತಿರಬೇಕು.

ಹುಡುಗಿಯ ಕಥೆ ಮೊದಲು. ಮುಂಕ್ ಹುಟ್ಟಿದ್ದು 1863ರಲ್ಲಿ. ಬೆಳೆದದ್ದು ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇವತ್ತಿನ ಓಸ್ಲೋದಲ್ಲಿ. ಅಪ್ಪ ಸೈನ್ಯದ ಡಾಕ್ಟರ್. 1868ರ ಡಿಸೆಂಬರಿನಲ್ಲಿ ತಾಯಿ ಲೌರಾ ಕ್ಷಯದಿಂದ ತೀರಿಕೊಂಡಳು. ಆಗ ಎಡ್ವರ್ಡ್‌ಗೆ ಐದು ವರ್ಷ. ತಾಯಿಯ ತಂಗಿ ಕಾರೆನ್ ಬಂದು ಐದು ಮಕ್ಕಳನ್ನೂ ಸಾಕಿದಳು. ಎಡ್ವರ್ಡ್‌ಗಿಂತ ಒಂದು ವರ್ಷ ದೊಡ್ಡವಳು ಅಕ್ಕ ಸೋಫಿ. ಇಬ್ಬರಿಗೂ ಭಾರಿ ಹೊಂದಾಣಿಕೆ. 1877ರಲ್ಲಿ ಅವಳೂ ಅದೇ ಕ್ಷಯಕ್ಕೆ ಬಲಿಯಾದಳು. ವಯಸ್ಸು ಹದಿನೈದು.

ಮನೆಯಲ್ಲೇ ಡಾಕ್ಟರ್ ಇದ್ದರೂ ಏನೂ ಮಾಡಲು ಆಗಲಿಲ್ಲ. ಮಾಡುವಂಥದ್ದು ಏನೂ ಇರಲಿಲ್ಲ ಅನ್ನುವುದೇ ಸರಿ. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ಗುರುತಿಸಿದ್ದು 1882ರಲ್ಲಿ, ಸೋಫಿ ಹೋಗಿ ಐದು ವರ್ಷ ಆದಮೇಲೆ. ಅದರ ಮೇಲೆ ಕೆಲಸ ಮಾಡುವ ಮೊದಲ ಆಂಟಿಬಯೋಟಿಕ್ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ. ಮುಂಕ್ ತೀರಿಕೊಂಡದ್ದು 1944ರ ಜನವರಿಯಲ್ಲಿ. ಅಂದರೆ ಅವನ ಇಡೀ ಬದುಕು ಈ ಕಾಯಿಲೆಗೆ ಮದ್ದಿಲ್ಲದ ಕಾಲದಲ್ಲೇ ಕಳೆಯಿತು. ಹದಿಮೂರನೇ ವಯಸ್ಸಿನಲ್ಲಿ, ಕ್ರಿಸ್ಮಸ್ ಹೊತ್ತಿಗೆ, ಅವನೂ ರಕ್ತ ಕೆಮ್ಮಿದ್ದ. ಅವನು ಬದುಕಿದ, ಅಕ್ಕ ಉಳಿಯಲಿಲ್ಲ. ಈ ಲೆಕ್ಕ ಅವನ ತಲೆಯಿಂದ ಕೊನೆಯವರೆಗೂ ಹೋಗಲಿಲ್ಲ ಅನ್ನುವುದಕ್ಕೆ ಅವನ ಬರಹಗಳೇ ಸಾಕ್ಷಿ.

ಎಂಟು ವರ್ಷದ ನಂತರ, 1885ರಲ್ಲಿ, ಅವನು ಅಕ್ಕನ ಕೊನೆಯ ದಿನಗಳನ್ನು ಬರೆಯಲು ಕೂತ. ಅವಳ ಫೋಟೋ ಇಟ್ಟುಕೊಂಡು ಬರೆದದ್ದಲ್ಲ. ಅಪ್ಪನ ಜೊತೆ ರೋಗಿಯೊಬ್ಬರ ಮನೆಗೆ ಹೋಗಿದ್ದಾಗ ಕೆಂಪುಗೂದಲ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಿದ್ದಳು, ಹೆಸರು ಬೆಟ್ಸಿ ನೀಲ್ಸನ್. ಅವಳನ್ನೇ ಮಾಡೆಲ್ ಮಾಡಿಕೊಂಡ. ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹೆಂಗಸಿಗೆ ಚಿಕ್ಕಮ್ಮ ಕಾರೆನ್ ಮಾಡೆಲ್. ಅಂದರೆ ಸೋಫಿಯ ಚಿತ್ರದಲ್ಲಿ ಸೋಫಿಯ ಮುಖವೇ ಇಲ್ಲ. ಅವನಿಗೆ ಬೇಕಾಗಿದ್ದು ಹೋಲಿಕೆ ಅಲ್ಲ, ಮೊದಲ ಸಲ ಕಂಡಾಗ ಮನಸ್ಸಿಗೆ ತಾಗಿದ್ದು: ಪಾರದರ್ಶಕ ಅನ್ನಿಸುವ ಬಿಳಿಚಿದ ಚರ್ಮ, ನಡುಗುವ ತುಟಿ, ನಡುಗುವ ಕೈ.

ಅದನ್ನು ಹಿಡಿಯಲು ಒಂದು ವರ್ಷ ಒದ್ದಾಡಿದ. ಬರೆಯುವುದು, ಕೆರೆಯುವುದು, ಬಣ್ಣ ಕರಗಿಸಿ ಹರಿಯಬಿಡುವುದು, ಮತ್ತೆ ಬರೆಯುವುದು. ಒಂದು ಹಂತದಲ್ಲಿ ತನ್ನದೇ ಕಣ್ಣಿನ ರೆಪ್ಪೆಗೂದಲು ಕೂಡ ತಾನು ನೋಡುತ್ತಿರುವುದರ ಭಾಗ ಅನ್ನಿಸಿ, ಅದನ್ನೂ ಗೀರುಗೀರಾಗಿ ಚಿತ್ರದಲ್ಲಿ ಸೇರಿಸಿದ್ದನಂತೆ. ಅಳುವ ಹುಡುಗನ ಕಣ್ಣಿಗೆ ಎಲ್ಲ ಮಸುಕಾಗಿ ಕಾಣುತ್ತದಲ್ಲ, ಅದು ನನಗೆ ನೆನಪಾಗುತ್ತದೆ. ಆ ಕ್ಯಾನ್ವಾಸು ಈಗ ಓಸ್ಲೋದ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಹತ್ತಿರದಿಂದ ತೆಗೆದ ಫೋಟೋ ನೋಡಿದರೂ ಸಾಕು, ಮೇಲೆ ಕೆಳಗೆ, ಅಡ್ಡಡ್ಡ ಕೆರೆದ ಗಾಯಗಳು ಎದ್ದು ಕಾಣುತ್ತವೆ.

1886ರ ಶರತ್ಕಾಲದ ಪ್ರದರ್ಶನದಲ್ಲಿ ಇದನ್ನು 'ಅಧ್ಯಯನ' ಅನ್ನುವ ಸಪ್ಪೆ ಹೆಸರಿನಲ್ಲಿ ತೂಗುಹಾಕಿದರು. ಜನ ನಕ್ಕರು. ವಿಮರ್ಶಕರು ಅರ್ಧಕ್ಕೆ ಬಿಟ್ಟ ಕೆಲಸ ಅಂದರು. ಹಾಗೆ ಅನ್ನಲು ಕಾರಣವೂ ಇತ್ತು. ಕಾಯಿಲೆ ಮಲಗಿದ ಮಕ್ಕಳ ಚಿತ್ರ ಆಗ ಅಲ್ಲಿ ಹೊಸದೇನೂ ಅಲ್ಲ. ಮುಂಕ್‌ಗೆ ದಾರಿ ತೋರಿದ ಹಿರಿಯ ಕ್ರಿಸ್ಟಿಯನ್ ಕ್ರೋಗ್ 1881ರಲ್ಲೇ ಅಂಥದ್ದೊಂದು ಬರೆದಿದ್ದ. ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತು ನೇರ ನಮ್ಮನ್ನೇ ನೋಡುವ ಹುಡುಗಿ, ಒಂದೊಂದು ನೂಲೂ ಎಣಿಸಬಹುದು ಅನ್ನುವಷ್ಟು ಖಚಿತ. ಇಂಥ ಚಿತ್ರಗಳ ಹಾವಳಿ ಎಷ್ಟಿತ್ತೆಂದರೆ ಮುಂಕ್ ಆ ಕಾಲಕ್ಕೆ 'ದಿಂಬಿನ ಕಾಲ' ಅಂತಲೇ ಹೆಸರಿಟ್ಟ. ನೋಡುವವರ ಕಣ್ಣು ಆ ನಯಕ್ಕೆ ಒಗ್ಗಿತ್ತು. ಅವರ ಮುಂದೆ ಇವನು ಕೆರೆದ ಕ್ಯಾನ್ವಾಸು ತಂದಿಟ್ಟ. ಚಿತ್ರವನ್ನು ಕೊನೆಗೆ ಕ್ರೋಗ್‌ಗೇ ಕೊಟ್ಟುಬಿಟ್ಟ. ಮುಂದೆ ವಯಸ್ಸಾದ ಮೇಲೆ ಮಾತ್ರ ಅವನ ಮಾತು ಸ್ಪಷ್ಟ: ತಾನು ಹೊಸ ದಾರಿ ತುಳಿದದ್ದು ಇದರಲ್ಲೇ, ಮುಂದೆ ಮಾಡಿದ ಬಹುಪಾಲು ಕೆಲಸ ಹುಟ್ಟಿದ್ದೂ ಇದರಿಂದಲೇ.

ಎಂಟು ವರ್ಷ ಮುಂದೆ ಹೋಗೋಣ. 1894ರಲ್ಲಿ ಬರ್ಲಿನ್‌ನಲ್ಲಿದ್ದಾಗ ಮುಂಕ್ ಅಚ್ಚಿನ ಚಿತ್ರ ಮಾಡುವುದನ್ನು ಶುರುಮಾಡಿದ. ಇದಕ್ಕೆ ಹೊಟ್ಟೆಪಾಡಿನ ಕಾರಣವೂ ಇದೆ. ತೈಲಚಿತ್ರ ಒಂದೇ ಇರುತ್ತದೆ, ಮಾರಿದರೆ ಕೈಬಿಟ್ಟು ಹೋಗುತ್ತದೆ. ಅಚ್ಚಿನ ಚಿತ್ರ ಹಾಗಲ್ಲ. ಒಂದು ಪ್ರತಿ ಮಾರಿ ಇನ್ನೊಂದನ್ನು ಇಟ್ಟುಕೊಳ್ಳಬಹುದು, ಸುರುಳಿ ಸುತ್ತಿ ಊರಿಂದ ಊರಿಗೆ ಒಯ್ಯಬಹುದು. ಅದೇ ವರ್ಷ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ 'ಕಾಯಿಲೆಯ ಮಗು'ವನ್ನು ಅಚ್ಚಿಗೆ ತಂದ. ಅದರಲ್ಲಿ ಇನ್ನೂ ಹೆಂಗಸು, ಕುರ್ಚಿ, ಕೋಣೆ ಎಲ್ಲ ಇದೆ. ಕೆಲವು ಪ್ರತಿಗಳಲ್ಲಿ ಚಿತ್ರದ ಕೆಳಗೆ ಒಂದು ಪುಟ್ಟ ಹೊರಾಂಗಣ ದೃಶ್ಯವೂ ಇದೆ. ಆದರೆ ಸೂಜಿಯ ಗೆರೆ ಮೊನಚು, ಜ್ವರದ ಮಂಪರು ಅದರಲ್ಲಿ ಸುಲಭವಾಗಿ ಬರುವುದಿಲ್ಲ. ಎರಡು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಅವನು ಕಲ್ಲಿಗೆ ಕೈಹಾಕಿದ.

ಈಗ ಕಲ್ಲಚ್ಚಿನ ಕೆಲಸ ಹೇಗೆ ಅಂತ ನೋಡಬೇಕು. ಇದು ಅರ್ಥವಾಗದೆ ಬಣ್ಣಗಳ ಗೊಂದಲ ಬಿಡಿಸಲು ಬರುವುದಿಲ್ಲ.

ಲಿಥೋಗ್ರಾಫಿ ಕಂಡುಹಿಡಿದವನು ಆಲೋಯಿಸ್ ಸೆನೆಫೆಲ್ಡರ್, ಜರ್ಮನಿಯ ಮ್ಯೂನಿಕ್‌ನಲ್ಲಿ, 1790ರ ದಶಕದ ಕೊನೆಯಲ್ಲಿ. ನಾಟಕ ಬರೆಯುತ್ತಿದ್ದವನು, ಅದನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ. ಅಗಸರಿಗೆ ಕೊಡುವ ಬಟ್ಟೆಗಳ ಪಟ್ಟಿಯನ್ನು ಕೈಗೆ ಸಿಕ್ಕ ಕಲ್ಲಿನ ಮೇಲೆ ಬರೆದದ್ದರಿಂದ ಎಲ್ಲ ಶುರುವಾಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಬವೇರಿಯಾದ ಸೋಲ್ನ್‌ಹೋಫೆನ್‌ನಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲು ಇದಕ್ಕೆ ಹೇಳಿ ಮಾಡಿಸಿದ್ದು.

ಮರದ ಅಚ್ಚಿನಲ್ಲಿ ಬೇಡದ ಭಾಗವನ್ನು ಕೆತ್ತಿ ತೆಗೆಯುತ್ತಾರೆ. ತಾಮ್ರದಲ್ಲಿ ಗೀರಿದ ಹಳ್ಳದೊಳಗೆ ಶಾಯಿ ತುಂಬುತ್ತಾರೆ. ಕಲ್ಲಚ್ಚಿನಲ್ಲಿ ಕೆತ್ತುವುದೂ ಇಲ್ಲ, ಗೀರುವುದೂ ಇಲ್ಲ, ಮೇಲ್ಮೈ ಸಪಾಟಾಗಿಯೇ ಇರುತ್ತದೆ. ಎಲ್ಲ ನಡೆಯುವುದು ಎಣ್ಣೆಗೂ ನೀರಿಗೂ ಇರುವ ಹಳೇ ಜಗಳದಿಂದ. ಎಣ್ಣೆ ಸ್ನಾನದ ದಿನ ಮೈಮೇಲೆ ಬಿದ್ದ ಮೊದಲ ಚೊಂಬು ನೀರು ಹೇಗೆ ಹನಿಹನಿಯಾಗಿ ಜಾರಿಹೋಗುತ್ತದೆ, ಹಾಗೆ.

ಜಿಡ್ಡಿರುವ ಬಳಪದಿಂದಲೋ ಶಾಯಿಯಿಂದಲೋ ಕಲ್ಲಿನ ಮೇಲೆ ಚಿತ್ರ ಬರೆಯುತ್ತಾರೆ. ಆಮೇಲೆ ಗೋಂದಿಗೆ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿ ಸವರುತ್ತಾರೆ. ಇದರಿಂದ ಬರೆದ ಜಾಗದಲ್ಲಿ ಜಿಡ್ಡು ಕಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಖಾಲಿ ಜಾಗ ನೀರನ್ನು ಹಿಡಿಯಲು ತಯಾರಾಗುತ್ತದೆ. ಟರ್ಪಂಟೈನ್ ಹಾಕಿ ಒರೆಸಿದರೆ ಬರೆದದ್ದು ಹೆಚ್ಚುಕಮ್ಮಿ ಮಾಯ. ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನಬೇಕು. ಆದರೆ ಜಿಡ್ಡು ಕಲ್ಲಿನಲ್ಲಿ ಹಾಗೇ ಇರುತ್ತದೆ. ಈಗ ಸ್ಪಂಜಿನಿಂದ ಕಲ್ಲನ್ನು ಒದ್ದೆ ಮಾಡಿ, ಎಣ್ಣೆ ಶಾಯಿ ಹಚ್ಚಿದ ರೋಲರ್ ಉರುಳಿಸಿದರೆ, ಶಾಯಿ ಕೂರುವುದು ಬರೆದ ಜಾಗದಲ್ಲಿ ಮಾತ್ರ. ಒದ್ದೆ ಜಾಗ ಅದನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಕಾಗದ ಹಾಸಿ ಪ್ರೆಸ್ಸಿನಲ್ಲಿ ಒತ್ತಿದರೆ ಚಿತ್ರ ತಯಾರು, ಎಡಬಲ ತಿರುವುಮುರುವಾಗಿ.

ಕನ್ನಡಕ್ಕೂ ಈ ವಿದ್ಯೆಗೂ ಹಳೆಯ ನಂಟಿದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಶುರುಮಾಡಿದ 'ಮಂಗಳೂರು ಸಮಾಚಾರ', ಅಂದರೆ ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲೇ.

ಕಲ್ಲಚ್ಚಿನ ದೊಡ್ಡ ಗುಣ ಅಂದರೆ ಕೈಯ ಒತ್ತಡ ಇದ್ದ ಹಾಗೇ ಕಾಗದಕ್ಕೆ ಬರುತ್ತದೆ. ಬಳಪ ಹಗುರವಾಗಿ ತಾಗಿಸಿದರೆ ಧೂಳಿನಂಥ ನೆರಳು, ಒತ್ತಿದರೆ ಗಾಢ ಗೆರೆ. ಮುಂಕ್‌ಗೆ ಇದು ಸರಿಯಾಗಿ ಒದಗಿಬಂತು. ಹುಡುಗಿಯ ಕೂದಲಲ್ಲಿ ಗೆರೆಗಳು ಓಡಾಡಿವೆ, ಕೆನ್ನೆ ಮೇಲೆ ಬರೀ ಬಳಪದ ಉಸಿರು. ಕ್ಯಾನ್ವಾಸಿನಲ್ಲಿ ಕೆರೆದು ಕೆರೆದು ಹುಡುಕಿದ ಆ ಬಿಳಿಚುತನ ಇಲ್ಲಿ ಏನೂ ಬರೆಯದೆ ಬಿಟ್ಟ ಕಾಗದದಿಂದಲೇ ಸಿಕ್ಕಿತು.

ಬಣ್ಣ ಬೇಕಾದರೆ ಬಣ್ಣಕ್ಕೊಂದು ಕಲ್ಲು. ಒಂದು ಕಲ್ಲಿನಲ್ಲಿ ಮುಖ್ಯ ಚಿತ್ರ, ಇನ್ನೊಂದರಲ್ಲಿ ಕೂದಲಿಗೆ ಬೇಕಾದ ಬಣ್ಣದ ಜಾಗ ಮಾತ್ರ, ಮತ್ತೊಂದರಲ್ಲಿ ಹಿನ್ನೆಲೆ, ಹೀಗೆ. ಒಂದೇ ಹಾಳೆಯನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ ಹಾಕಿ, ಗುರುತು ಹೊಂದಿಸಿ ಒತ್ತಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಮುಖ ಕೆಡುತ್ತದೆ. ಇದಕ್ಕೆ ನುರಿತ ಕೈ ಬೇಕು. ಪ್ಯಾರಿಸ್‌ನಲ್ಲಿ ಆ ಕೈ ಒಗ್ಯೂಸ್ತ್ ಕ್ಲೋ ಎಂಬುವನದು. ಬೊನಾರ್, ವ್ಯೂಯಾರ್, ರೆದೋನ್, ಸೆಜಾನ್, ರೆನ್ವಾರ್ ಇವರೆಲ್ಲರ ಬಣ್ಣದ ಲಿಥೋಗ್ರಾಫ್ ಅಚ್ಚು ಹಾಕಿದವನು ಅವನು. ಮುಂಕ್ ಅವನ ಬಳಿಗೇ ಹೋದ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಕಲ್ಲಿಗೆ ಬಣ್ಣ ಇಲ್ಲ. ಕಲ್ಲಿನಲ್ಲಿ ಇರುವುದು ಶಾಯಿ ಹಿಡಿಯುವ ಜಾಗ ಅಷ್ಟೇ. ಇವತ್ತು ಅದಕ್ಕೆ ಕೆಂಪು ಹಚ್ಚಬಹುದು, ನಾಳೆ ಅದೇ ಕಲ್ಲು ತೊಳೆದು ನೀಲಿ ಹಚ್ಚಬಹುದು. ಒಂದು ಕಲ್ಲನ್ನು ಬಿಟ್ಟೇಬಿಡಬಹುದು. ಯಾವ ಕಲ್ಲು ಮೊದಲು, ಯಾವುದು ಆಮೇಲೆ ಅನ್ನುವುದನ್ನೂ ಬದಲಿಸಬಹುದು. ಗೆರೆ ಬದಲಾಗುವುದಿಲ್ಲ, ಬಣ್ಣ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಕೆಂಪು ಹುಡುಗಿ, ಹಳದಿ ಹುಡುಗಿ, ಬೂದು ಹುಡುಗಿ ಎಲ್ಲ ಬಂದದ್ದು ಹೀಗೆ.

ಸಾಮಾನ್ಯವಾಗಿ ಕಲಾವಿದ ನಾಲ್ಕಾರು ಬಗೆ ಮಾಡಿ ನೋಡಿ, ಒಂದನ್ನು ಆರಿಸಿ, ಉಳಿದ ಪ್ರತಿಗಳನ್ನೆಲ್ಲ ಅದೇ ಥರ ಅಚ್ಚು ಹಾಕಿಸುತ್ತಾನೆ. ಪ್ರೆಸ್ಸಿನವನಿಗೂ ಅದೇ ಸುಲಭ. ಮುಂಕ್ ಆರಿಸಲೇ ಇಲ್ಲ. ಆಗ ಅಲ್ಲಿದ್ದ ಜರ್ಮನ್ ಚಿತ್ರಕಾರ ಪೌಲ್ ಹೆರ್‌ಮನ್ ಹೇಳಿದ ಪ್ರಸಂಗ ಒಂದಿದೆ. ತಾನೂ ಅಚ್ಚು ಹಾಕಿಸಬೇಕು ಅಂತ ಕ್ಲೋ ಬಳಿ ಹೋದರೆ, ಮುಂಕ್ ಮೊದಲೇ ಹೇಳಿಟ್ಟಿದ್ದಾನೆ, ಈಗ ಆಗುವುದಿಲ್ಲ ಅಂದರಂತೆ. ಹುಡುಗಿಯ ಆ ದೊಡ್ಡ ತಲೆ ಬರೆದಿದ್ದ ಕಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮುಂಕ್ ಬಂದ, ಸಾಲಿನ ಮುಂದೆ ನಿಂತ, ಕಣ್ಣು ಬಿಗಿಯಾಗಿ ಮುಚ್ಚಿದ, ಗಾಳಿಯಲ್ಲಿ ಬೆರಳು ಆಡಿಸುತ್ತಾ ಬೂದು, ಹಸಿರು, ನೀಲಿ, ಕಂದು ಅಂತ ಹೇಳಿದ. ಕಣ್ಣು ಬಿಟ್ಟು, ಬಾ ಒಂದು ಗ್ಲಾಸು ಹಾಕೋಣ ಅಂತ ಇವನನ್ನು ಕರೆದ. ಅವರು ಕುಡಿದು ಬರುವವರೆಗೆ ಇಲ್ಲಿ ಅಚ್ಚು ನಡೆಯಿತು. ವಾಪಸ್ ಬಂದು ಮತ್ತೆ ಕಣ್ಣು ಮುಚ್ಚಿ ಹಳದಿ, ಗುಲಾಬಿ, ಕೆಂಪು ಅಂದ. ಹೀಗೇ ಇನ್ನೂ ಕೆಲವು ಸಲ.

ಚೆನ್ನಾಗಿರುವ ಕಥೆ. ಆದರೆ ಇದನ್ನು ಕೇಳಿ, ಓಹೋ ಸುಮ್ನೆ ಬಾಯಿಗೆ ಬಂದದ್ದು ಹೇಳಿದ ಅಂದುಕೊಂಡರೆ ತಪ್ಪಾದೀತು. ಗೆರೆಗಳೆಲ್ಲ ಕಲ್ಲಿನಲ್ಲಿ ಮೊದಲೇ ಕೂತಿವೆ. ಯಾವ ಕಲ್ಲು ಮುಖದ ಯಾವ ಭಾಗ ಅನ್ನುವುದನ್ನು ಅವನು ಕಣ್ತೆರೆದೇ ತೀರ್ಮಾನಿಸಿದ್ದ. ಅದೃಷ್ಟಕ್ಕೆ ಬಿಟ್ಟದ್ದು ಬಣ್ಣವನ್ನು ಮಾತ್ರ. ಹೊರಬಂದದ್ದರಲ್ಲಿ ಯಾವುದಕ್ಕೆ ಸಹಿ ಹಾಕಬೇಕು ಅನ್ನುವುದೂ ಅವನ ಕೈಯಲ್ಲೇ ಇತ್ತು. ಇನ್ನೊಂದು ಮಾತು: ಅಕ್ಕ ಸತ್ತು ಆಗಲೇ ಹತ್ತೊಂಬತ್ತು ವರ್ಷ. ಅವಳ ಕೆನ್ನೆಯ ನಿಜವಾದ ಬಣ್ಣ ಯಾವುದು ಅಂತ ಯಾರಿಗೆ ತಾನೆ ನೆನಪಿದ್ದೀತು? ಒಂದೇ ಬಣ್ಣಕ್ಕೆ ಗಂಟು ಬೀಳದೆ ಇದ್ದದ್ದೇ ಹೆಚ್ಚು ಪ್ರಾಮಾಣಿಕ ಅಂತ ನನಗನ್ನಿಸುತ್ತದೆ.

ಲಿಥೋಗ್ರಾಫಿನಲ್ಲಿ ಅವನು ಬಿಟ್ಟದ್ದನ್ನೂ ನೋಡಬೇಕು. ತೈಲಚಿತ್ರದಲ್ಲಿ ಹೆಂಗಸು ತಲೆ ತಗ್ಗಿಸಿದ್ದಾಳೆ. ಅವಳಿಗೆ ಹುಡುಗಿಯ ಮುಖ ನೋಡುವ ಧೈರ್ಯ ಇಲ್ಲ. ಹುಡುಗಿಯೇ ಅವಳನ್ನು ಸಮಾಧಾನ ಮಾಡುವ ಹಾಗಿದೆ. ಇಬ್ಬರ ಕೈ ಸೇರುವ ಜಾಗದಲ್ಲಿ ಬೆರಳುಗಳೇ ಸ್ಪಷ್ಟವಿಲ್ಲ, ಒಂದು ಬಣ್ಣದ ಮುದ್ದೆ. ಅಲ್ಲಿ ನಾವು ಹೊರಗಿನವರು, ಬಾಗಿಲಲ್ಲಿ ನಿಂತು ಇಬ್ಬರ ದುಃಖ ನೋಡುತ್ತೇವೆ. ಲಿಥೋಗ್ರಾಫಿನಲ್ಲಿ ಹೆಂಗಸೇ ಇಲ್ಲ. ಆದರೆ ಹುಡುಗಿಯ ನೋಟ ಮಾತ್ರ ಅವಳಿದ್ದ ದಿಕ್ಕಿಗೇ ಇದೆ. ಈಗ ಅವಳು ಏನು ನೋಡುತ್ತಿದ್ದಾಳೆ? ಕಿಟಕಿಯನ್ನೋ, ಬಾಗಿಲನ್ನೋ, ಏನೂ ಇಲ್ಲದ್ದನ್ನೋ? ತೈಲಚಿತ್ರ ಗೊತ್ತಿಲ್ಲದವರಿಗೆ ಈ ಪ್ರಶ್ನೆ ಇನ್ನೂ ಜಾಸ್ತಿ ಕಾಡುತ್ತದೆ. ಜೊತೆಗೆ ನಾವೂ ಬಾಗಿಲಿಂದ ಒಳಗೆ ಬಂದಿದ್ದೇವೆ, ಹಾಸಿಗೆಯ ಪಕ್ಕಕ್ಕೇ.

ಬಣ್ಣ ಬದಲಾದಾಗ ಏನೇನು ಬದಲಾಗುತ್ತದೆ ನೋಡಿ. ಕೆಂಪಿನ ಪ್ರತಿಯಲ್ಲಿ ಜ್ವರ ಏರುತ್ತಿರುವ ಹಾಗೆ ಕಾಣುತ್ತದೆ, ರಕ್ತವೂ ನೆನಪಾಗುತ್ತದೆ. ಹಳದಿ ಸೇರಿದರೆ ಸಂಜೆ ಬೆಳಕೋ ದೀಪವೋ ದಿಂಬಿನ ಮೇಲೆ ಬಿದ್ದಂತೆ, ಒಂದು ಥರ ನೆಮ್ಮದಿ. ಬೂದು ನೀಲಿಯಲ್ಲಿ ಮೈ ತಣ್ಣಗಾಗುತ್ತಿದೆ. ಬರೀ ಕಪ್ಪಿನಲ್ಲಿ ಅವಳು ಆಗಲೇ ನೆನಪಾಗಿಬಿಟ್ಟಿದ್ದಾಳೆ. ಇದೆಲ್ಲ ನನ್ನ ಓದು. ಕೆಂಪು ಅಂದರೆ ಇದೇ ಅಂತ ಮುಂಕ್ ಎಲ್ಲಾದರೂ ಕೋಷ್ಟಕ ಕೊಟ್ಟಿದ್ದಾನೆ ಅಂದುಕೊಳ್ಳಬೇಡಿ. ಅವೇ ಗೆರೆ ಇಟ್ಟುಕೊಂಡು ಇಷ್ಟು ಬೇರೆ ಬೇರೆ ಹೊತ್ತು ಕಾಣುತ್ತವೆ ಅನ್ನುವುದಷ್ಟೇ ನನ್ನ ಮಾತು.

ಹಾಗಾದರೆ ಅಸಲಿ ಯಾವುದು? ಎಲ್ಲವೂ. ಅಚ್ಚಿನ ಕಲೆಯಲ್ಲಿ ಕಲಾವಿದ ತಾನೇ ಬರೆದ ಕಲ್ಲಿನಿಂದ, ತನ್ನ ಒಪ್ಪಿಗೆಯಿಂದ ಹೊರಬಂದ ಪ್ರತಿ ಹಾಳೆಯೂ ಮೂಲ ಕೃತಿಯೇ. ಇಲ್ಲಿ ಲಿಥೋಗ್ರಾಫ್ ಯಾವುದೋ ತೈಲಚಿತ್ರದ ಫೋಟೋ ಅಲ್ಲ. ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ದೇಶದ್ದೇ ಒಂದು ಉದಾಹರಣೆ ಅನುಕೂಲ. ಮುಂಕ್ ಅಚ್ಚಿನ ಕೆಲಸ ಶುರುಮಾಡಿದ 1894ರಲ್ಲೇ ರಾಜಾ ರವಿವರ್ಮ ಮುಂಬೈಯಲ್ಲಿ ಪ್ರೆಸ್ ತೆರೆದ. ಅಲ್ಲಿಂದ ಬಂದ ಲಕ್ಷ್ಮಿ, ಸರಸ್ವತಿ ಪಟಗಳು ನಮ್ಮ ಎಷ್ಟೋ ಮನೆಗಳ ದೇವರ ಕೋಣೆ ಸೇರಿದವು. ಅವೂ ಕಲ್ಲಿನ ಮೇಲೆ, ಬಣ್ಣಕ್ಕೊಂದು ಕಲ್ಲಿಟ್ಟು ಅಚ್ಚಾದವೇ. ಆದರೆ ಅಲ್ಲಿನ ಗುರಿ ತೈಲಚಿತ್ರ ಹೇಗಿದೆಯೋ ಹಾಗೇ ಕಾಣಬೇಕು, ಸಾವಿರಾರು ಪ್ರತಿಯೂ ಒಂದೇ ಥರ ಇರಬೇಕು ಅನ್ನುವುದು. ಕಲ್ಲು, ಬಳಪ ಯಾವುದೂ ಕಾಣಬಾರದು. ಮುಂಕ್‌ಗೆ ಬೇಕಾಗಿದ್ದು ಪೂರ್ತಿ ಉಲ್ಟಾ. ಬಳಪದ ಗೆರೆ ಕಾಣಬೇಕು, ಒಂದು ಪ್ರತಿ ಇನ್ನೊಂದರ ಥರ ಇರಬಾರದು. ವಿದ್ಯೆ ಒಂದೇ, ಬಳಕೆ ಬೇರೆ. ಪಟ ಎಲ್ಲ ಮನೆಗೂ ತಲುಪಬೇಕು ಅನ್ನುವುದು ಸಣ್ಣ ಆಸೆಯೇನಲ್ಲ, ಅದನ್ನೂ ಹೇಳಬೇಕು.

ತೈಲಚಿತ್ರಗಳ ಲೆಕ್ಕ ಬೇರೆ. ಲಿಥೋಗ್ರಾಫ್ ಮಾಡಿದ 1896ರಲ್ಲೇ ಎರಡನೇ ಕ್ಯಾನ್ವಾಸು ಬರೆದ, ಅದೀಗ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದೆ. 1907ರಲ್ಲಿ ಇನ್ನೆರಡು. 1920ರ ದಶಕದಲ್ಲಿ, ಅರವತ್ತು ದಾಟಿದ ಮೇಲೂ, ಮತ್ತೆರಡು. 1907ರ ಒಂದು ಪ್ರತಿ ಜರ್ಮನಿಯ ಡ್ರೆಸ್ಡನ್ ಮ್ಯೂಸಿಯಂ ಸೇರಿತ್ತು. ನಾಜಿಗಳು 'ಕೆಟ್ಟುಹೋದ ಕಲೆ' ಅಂತ ಹಣೆಪಟ್ಟಿ ಹಚ್ಚಿ ಜರ್ಮನಿಯ ಮ್ಯೂಸಿಯಂಗಳಿಂದ ಮುಂಕ್‌ನ 82 ಕೃತಿಗಳನ್ನು ತೆಗೆಸಿಹಾಕಿದಾಗ ಇದೂ ಹೊರಬಿತ್ತು, ಮಾರಾಟವಾಯಿತು. ನಾರ್ವೆಯ ಹಡಗು ಉದ್ಯಮಿ ಥಾಮಸ್ ಓಲ್ಸೆನ್ ಅದನ್ನು ಕೊಂಡು 1939ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಗೆ ಕೊಟ್ಟ. ಅದು ಈಗಲೂ ಅಲ್ಲೇ ಇದೆ.

ಒಂದನ್ನೇ ಇಷ್ಟು ಸಲ ಬರೆದದ್ದಕ್ಕೆ ಟೀಕೆ ಬರದೆ ಇರುತ್ತದಾ? ಬೇಡಿಕೆ ಇದೆ ಅಂತ ಅದನ್ನೇ ತಿರುತಿರುಗಿ ಮಾಡುತ್ತಾನೆ ಅಂದರು. ಅದರಲ್ಲಿ ಸ್ವಲ್ಪ ನಿಜವೂ ಇದೆ, ಕೆಲವು ಕ್ಯಾನ್ವಾಸುಗಳು ಕೊಳ್ಳುವವರು ಕೇಳಿ ಬರೆಸಿದವೇ. ತಾನು ಒಂದು ಚಿತ್ರದ ಮೇಲೆ ಇನ್ನೊಂದನ್ನು ಕಟ್ಟುತ್ತೇನೆ, ಎರಡು ಯಾವತ್ತೂ ಒಂದೇ ಆಗಿರುವುದಿಲ್ಲ ಅನ್ನುವುದು ಮುಂಕ್‌ನ ಉತ್ತರ. ಆರನ್ನೂ ಸಾಲಾಗಿಟ್ಟು ನೋಡಿದರೆ ನನಗೆ ಮೊದಲನೆಯದು ಉಳಿದ ಐದಕ್ಕಿಂತ ಬಲವಾಗಿ ಕಾಣುತ್ತದೆ. ಕೊನೆಯವು ಬೆಳಕಾಗಿವೆ, ಸಲೀಸಾಗಿವೆ, ಆ ಒದ್ದಾಟ ಇಲ್ಲ. ಲಿಥೋಗ್ರಾಫಿನ ಪ್ರತಿಗಳಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅಲ್ಲಿ ಮೊದಲು, ಕೊನೆ ಅನ್ನುವ ಸಾಲೇ ಇಲ್ಲವಲ್ಲ.

ನೋಡಬೇಕು ಅನ್ನುವವರಿಗೆ: ಮುಂಕ್ ತನ್ನ ಬಳಿ ಉಳಿದಿದ್ದ ಕೃತಿಗಳನ್ನೆಲ್ಲ ಓಸ್ಲೋ ನಗರಕ್ಕೆ ಬರೆದುಕೊಟ್ಟ. ಅವುಗಳಿಗಾಗಿ 1963ರಲ್ಲಿ ಮ್ಯೂಸಿಯಂ ಆಯಿತು, 2021ರಲ್ಲಿ ಅದು ಬಂದರಿನ ಬದಿಯ ಹೊಸ ಕಟ್ಟಡಕ್ಕೆ ಬಂತು. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲೂ ಈ ಲಿಥೋಗ್ರಾಫಿನ ಪ್ರತಿ ಇದೆ. ಬೆಳಕಿಗೆ ಕಾಗದ, ಶಾಯಿ ಮಾಸುವುದರಿಂದ ಇಂಥವನ್ನು ವರ್ಷವಿಡೀ ಗೋಡೆಗೆ ಹಾಕುವುದಿಲ್ಲ. ಹೋಗುವ ಮುಂಚೆ ವಿಚಾರಿಸಿಕೊಳ್ಳಿ. ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ದೊಡ್ಡದು ಮಾಡಿ ನೋಡುವ ಚಿತ್ರಗಳು ಸಿಗುತ್ತವೆ. ಬೇರೆ ಬೇರೆ ಬಣ್ಣದ ಎರಡನ್ನು ಅಕ್ಕಪಕ್ಕ ತೆರೆದುಕೊಂಡು, ಮೊದಲು ಕಿವಿಯ ಸುತ್ತಲಿನ ಕೂದಲಿನ ಗೆರೆಗಳನ್ನು ಹೋಲಿಸಿ. ಎರಡರಲ್ಲೂ ಅವು ಒಂದೇ ಅಂತ ಖಾತ್ರಿಯಾದ ಮೇಲೆ ಮುಖಕ್ಕೆ ಬನ್ನಿ.